1963ರ ಸದ್ದು, 2006ರ ಮಾತು: 'ಬ್ಯಾಕ್ ಟು ಬ್ಲ್ಯಾಕ್' ಹಳೆಯದರಂತೆ ಕೇಳಿಸುವುದು ಹೇಗೆ?

ಮೊದಲು ಪಿಯಾನೋ, ಒಂದೇ ಸಮನೆ ಕುಟ್ಟುತ್ತಾ ಬರುತ್ತದೆ. ಅದರಡಿ ದೊಡ್ಡ ಡ್ರಮ್ಮಿನ ಧಮ್ ಧಮ್. ಜೊತೆಗೆ ಟ್ಯಾಂಬುರಿನ್. ನಮ್ಮ ಖಂಜಿರಕ್ಕೆ ದೂರದ ನೆಂಟನಾಗಬೇಕಾದ, ಅಂಚಿನ ತುಂಬ ಬಿಲ್ಲೆಗಳಿರುವ ವಾದ್ಯ ಅದು. ಅದರ ಒಂದೊಂದು ಏಟೂ ಖಾಲಿ ಕಲ್ಯಾಣಮಂಟಪದಲ್ಲಿ ಸ್ಟೀಲ್ ತಟ್ಟೆ ಬಿದ್ದ ಹಾಗೆ ಮೊಳಗಿ, ನಿಧಾನಕ್ಕೆ ಕರಗುತ್ತದೆ. ಆಮೇಲೆ ಒಂದು ಹೆಣ್ಣುದನಿ. ವಯಸ್ಸು ಹೇಳಲಾಗದಂಥ, ಸ್ವಲ್ಪ ಒರಟು ದನಿ.

ಗೊತ್ತಿಲ್ಲದವರು ಕೇಳಿದರೆ ಇದು ಅರವತ್ತರ ದಶಕದ ಹಾಡು ಅಂದುಬಿಡುತ್ತಾರೆ. ಇದು ಬಂದದ್ದು 2006ರ ಅಕ್ಟೋಬರಿನಲ್ಲಿ, 'ಬ್ಯಾಕ್ ಟು ಬ್ಲ್ಯಾಕ್' ಅನ್ನುವ ಅದೇ ಹೆಸರಿನ ಆಲ್ಬಮ್ಮಿನಲ್ಲಿ. ಹಾಡಿದಾಕೆ ಏಮಿ ವೈನ್‌ಹೌಸ್, ಆಗ ಆಕೆಗೆ 23 ವರ್ಷ.

2024ರಲ್ಲಿ ಇದೇ ಹೆಸರಿನ ಸಿನಿಮಾ ಬಂದ ಮೇಲೆ ಈ ಆಲ್ಬಮ್ಮಿನ ಹಾಡುಗಳು ಹೊಸಬರ ಕಿವಿಗೂ ಬಿದ್ದಿವೆ. ರೀಲ್ಸ್‌ನಲ್ಲಂತೂ ಹದಿನೈದು ಸೆಕೆಂಡಿನ ತುಣುಕುಗಳಾಗಿ ಓಡಾಡುತ್ತಲೇ ಇವೆ. ನನ್ನ ತಂಗಿಯ ಮಗಳು ಮೊನ್ನೆ ಫೋನ್ ಹಿಡಿದು ಬಂದು, "ದೊಡ್ಡಮ್ಮ, ಇದು ಹಳೇ ಹಾಡಾ? ಇಲ್ಲಾ ಹಳೇ ಥರ ಮಾಡಿರೋ ಹೊಸ ಹಾಡಾ?" ಅಂದಳು. ಎರಡನೆಯದು ಅಂದೆ. "ಹೇಗೆ ಮಾಡ್ತಾರೆ?" ಅಂತ ಕೇಳಿದ್ದಕ್ಕೆ ನಿಂತಲ್ಲೇ ಉತ್ತರ ಕೊಡಲಾಗಲಿಲ್ಲ. ಅವಳಿಗೆ ಹೇಳಬೇಕಾಗಿದ್ದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

## ಸೋಲ್ ಅಂದರೆ ಏನು

ಈ ಆಲ್ಬಮ್ ನೆನಪಿಸುವ ಹಳೆಯ ಸಂಗೀತಕ್ಕೆ ಸೋಲ್ ಎಂದು ಹೆಸರು. ಪದದ ಅರ್ಥ ಆತ್ಮ. ಆದರೆ ಅಮೆರಿಕದ ಕಪ್ಪು ಜನರ ಮಾತಿನಲ್ಲಿ ಅದಕ್ಕೆ 'ನಮ್ಮವರು, ನಮ್ಮದು' ಅನ್ನುವ ಬಿಸಿಯೂ ಇದೆ. ಅವರ ಮನೆಯಡುಗೆ ಸೋಲ್ ಫುಡ್, ಅವರ ಹಾಡು ಸೋಲ್.

ಹುಟ್ಟಿದ್ದು ಚರ್ಚಿನಲ್ಲಿ. ಕಪ್ಪು ಜನರ ಚರ್ಚುಗಳಲ್ಲಿ ಹಾಡುವ ಭಕ್ತಿಸಂಗೀತಕ್ಕೆ ಗಾಸ್ಪೆಲ್ ಅನ್ನುತ್ತಾರೆ. 1954ರಲ್ಲಿ ರೇ ಚಾರ್ಲ್ಸ್ ಅನ್ನುವ ಕಣ್ಣು ಕಾಣದ ಗಾಯಕ ಅಂಥದ್ದೊಂದು ಗಾಸ್ಪೆಲ್ ಹಾಡಿನ ಧಾಟಿಯನ್ನು ಎತ್ತಿಕೊಂಡು, ದೇವರಿದ್ದ ಜಾಗದಲ್ಲಿ ಪ್ರೇಯಸಿಯನ್ನು ಕೂರಿಸಿದ. ದಾಸರ ಪದದ ಮಟ್ಟಿಗೆ ಯಾರೋ ಪ್ರೇಮಗೀತೆ ಹೊಂದಿಸಿ ಹಾಡಿದರೆ ನಮ್ಮ ಭಜನಾ ಮಂಡಳಿಯಲ್ಲಿ ಹೇಗೆ ಗದ್ದಲವಾದೀತೋ, ಅಲ್ಲೂ ಹಾಗೇ ಆಯಿತು. ಹಾಡು ಮಾತ್ರ ಗೆದ್ದಿತು. ಸ್ಯಾಮ್ ಕುಕ್ ಗಾಸ್ಪೆಲ್ ತಂಡದಿಂದಲೇ ಎದ್ದು ಬಂದವನು. ಅರೀಥಾ ಫ್ರಾಂಕ್ಲಿನ್ ಡೆಟ್ರಾಯಿಟ್‌ನ ಪಾದ್ರಿಯೊಬ್ಬನ ಮಗಳು.

ಕೇಳುವಾಗ ಸೋಲ್ ಗುರುತು ಸಿಗುವುದು ಹೇಗೆ? ಒಬ್ಬರು ಒಂದು ಸಾಲು ಎಸೆಯುತ್ತಾರೆ, ಹಿಮ್ಮೇಳ ಅದನ್ನು ಹಿಡಿದು ವಾಪಸ್ ಕೊಡುತ್ತದೆ. ಭಜನೆ ಹೇಳಿಕೊಟ್ಟು ಹೇಳಿಸುವ ಕ್ರಮ ಗೊತ್ತಿದ್ದವರಿಗೆ ಇದು ಹೊಸದೇನಲ್ಲ. ಒಂದೇ ಅಕ್ಷರವನ್ನು ಐದಾರು ಸ್ವರಗಳ ಮೇಲೆ ಎಳೆದಾಡುವುದೂ ನಮಗೆ ಪರಿಚಿತವೇ. ಹೊಸದು ಅನ್ನಿಸುವುದು ಲಯ. ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸಿ. ನಮ್ಮ ಕೈ ತನ್ನಷ್ಟಕ್ಕೆ ಒಂದರ ಮೇಲೆ ಬೀಳುತ್ತದೆ. ಅಲ್ಲಿ ಚಪ್ಪಾಳೆ ಬೀಳುವುದು ಎರಡಕ್ಕೆ ಮತ್ತು ನಾಲ್ಕಕ್ಕೆ. ಇದನ್ನು ಬ್ಯಾಕ್‌ಬೀಟ್ ಅನ್ನುತ್ತಾರೆ. ಸುಮ್ಮನೆ ಕೂತು ಒಂದು ನಿಮಿಷ ಅಭ್ಯಾಸ ಮಾಡಿ ನೋಡಿ, ಕೈ ಮತ್ತೆ ಮತ್ತೆ ತಪ್ಪಿ ಒಂದಕ್ಕೇ ಹೋಗುತ್ತದೆ.

## ಮನೆಯ ಗ್ಯಾರೇಜು, ಹಳೇ ಟಾಕೀಸು

ಹಳೆಯ ಸೋಲ್‌ನಂತೆ ಕೇಳಿಸುವ ಹಾಗೆ ಹೊಸದಾಗಿ ಮಾಡಿದ ಹಾಡಿಗೆ ರೆಟ್ರೋ ಸೋಲ್ ಅನ್ನುತ್ತಾರೆ. ಹಾಗೆ ಅಂದಾಗ ಹೆಚ್ಚಿನವರ ಮನಸ್ಸಿನಲ್ಲಿರುವುದು ಎರಡು ಊರಿನ ಸದ್ದು.

ಮೊದಲನೆಯದು ಡೆಟ್ರಾಯಿಟ್. ಬೆರಿ ಗೋರ್ಡಿ ಅನ್ನುವವನು 1959ರಲ್ಲಿ ಮನೆಯವರಿಂದ 800 ಡಾಲರ್ ಸಾಲ ತೆಗೆದುಕೊಂಡು ರೆಕಾರ್ಡ್ ಕಂಪನಿ ಶುರುಮಾಡಿದ. ಅದೇ ಮುಂದೆ ಮೋಟೌನ್ ಆಯಿತು. ಒಂದು ಸಾಧಾರಣ ಮನೆ ಕೊಂಡು, ಅದರ ಗ್ಯಾರೇಜನ್ನೇ ಸ್ಟುಡಿಯೋ ಮಾಡಿಕೊಂಡ. ಗೋರ್ಡಿ ಹಿಂದೆ ಕಾರು ಕಾರ್ಖಾನೆಯಲ್ಲಿ ದುಡಿದವನು. ಬರೀ ಚಾಸಿಯಾಗಿ ಒಳಗೆ ಹೋದದ್ದು ಹೊರಗೆ ಬರುವಾಗ ಹೊಳೆಯುವ ಕಾರಾಗಿರುವ ಕ್ರಮವನ್ನೇ ಹಾಡಿಗೂ ಹಚ್ಚಿದ. ಬರೆಯುವವರು, ನುಡಿಸುವವರು, ಹಾಡುವವರು, ಕೊನೆಗೆ ಗುಣಮಟ್ಟ ನೋಡಲು ಒಂದು ಸಭೆ, ಹೀಗೆ ಸಾಲಾಗಿ. ಹಾಡನ್ನು ಕಾರಿನ ರೇಡಿಯೋದಂಥ ಪುಟ್ಟ ಸ್ಪೀಕರಿನಲ್ಲಿ ಕೇಳಿ ಪರೀಕ್ಷಿಸುತ್ತಿದ್ದರು, ಜನ ಕೇಳುವುದು ಅದರಲ್ಲೇ ತಾನೆ. ಹಾಗಾಗಿ ಮೋಟೌನ್ ಹಾಡುಗಳಲ್ಲಿ ಟ್ಯಾಂಬುರಿನ್ ಜೋರು, ಪಲ್ಲವಿ ಬೇಗ ಬರುತ್ತದೆ, ಮೂರು ನಿಮಿಷದೊಳಗೆ ಮುಗಿಯುತ್ತದೆ.

ಆ ಮನೆಯ ವಾದ್ಯಗಾರರಿಗೆ ಫಂಕ್ ಬ್ರದರ್ಸ್ ಅನ್ನುವ ಹೆಸರಿತ್ತು. ಆದರೆ ರೆಕಾರ್ಡಿನ ಹೊದಿಕೆಯ ಮೇಲೆ ವರ್ಷಗಟ್ಟಲೆ ಅವರ ಸುಳಿವೇ ಇಲ್ಲ. ಜಗತ್ತಿನ ಬಾಸ್ ಗಿಟಾರ್ ವಾದಕರೆಲ್ಲ ಇವತ್ತು ಗುರು ಅನ್ನುವ ಜೇಮ್ಸ್ ಜೇಮರ್ಸನ್‌ನ ಹೆಸರು ಮೋಟೌನ್‌ನ ದೊಡ್ಡ ಆಲ್ಬಮ್ಮೊಂದರ ಮೇಲೆ ಅಚ್ಚಾಗಲು 1971 ಬರಬೇಕಾಯಿತು.

ಎರಡನೆಯದು ದಕ್ಷಿಣದ ಮೆಂಫಿಸ್. ಜಿಮ್ ಸ್ಟುವರ್ಟ್, ಆತನ ಅಕ್ಕ ಎಸ್ಟೆಲ್ ಆಕ್ಸ್‌ಟನ್ ಇಬ್ಬರ ಅಡ್ಡಹೆಸರಿನ ಮೊದಲೆರಡು ಇಂಗ್ಲಿಷ್ ಅಕ್ಷರ ಕೂಡಿಸಿ ಸ್ಟ್ಯಾಕ್ಸ್ ಅನ್ನುವ ಕಂಪನಿ. ಸ್ಟುಡಿಯೋ ಅಂದರೆ ಮುಚ್ಚಿಹೋಗಿದ್ದ ಒಂದು ಟಾಕೀಸು. ಕುರ್ಚಿ ಕಿತ್ತರು, ಇಳಿಜಾರು ನೆಲ ಹಾಗೇ ಉಳಿಯಿತು. ತಿಂಡಿ ಮಾರುತ್ತಿದ್ದ ಜಾಗದಲ್ಲಿ ಅಕ್ಕ ರೆಕಾರ್ಡ್ ಅಂಗಡಿ ಇಟ್ಟಳು. ಬಿಳಿಯರು, ಕಪ್ಪು ಜನ ಒಂದೇ ಮೇಜಿಗೆ ಕೂರದಿದ್ದ ಊರಿನಲ್ಲಿ ಈ ಟಾಕೀಸಿನೊಳಗೆ ಇಬ್ಬರೂ ಕೂಡಿ ನುಡಿಸಿದರು. ಮೋಟೌನ್ ಇಸ್ತ್ರಿ ಹಾಕಿದ ಶರ್ಟಾದರೆ ಸ್ಟ್ಯಾಕ್ಸ್ ತೋಳು ಮಡಚಿದ ಶರ್ಟು: ತುತ್ತೂರಿಗಳು ಒರಟು, ನಡುನಡುವೆ ಖಾಲಿ ಜಾಗ, ಬೆವರಿನ ವಾಸನೆ.

## ಸದ್ದಿನ ಗೋಡೆ, ಹುಡುಗಿಯರ ಮೇಳ

ಏಮಿಯ ಆಲ್ಬಮ್ಮಿಗೆ ಮೂರನೆಯ ಮೂಲವೊಂದಿದೆ. ಅದು ಶುದ್ಧ ಸೋಲ್ ಅಲ್ಲ, ಪಕ್ಕದ ಮನೆಯದು. ಅರವತ್ತರ ಮೊದಲ ವರ್ಷಗಳಲ್ಲಿ ಮೂರು ನಾಲ್ಕು ಹುಡುಗಿಯರು ಕೂಡಿ ಹಾಡುವ ತಂಡಗಳು ಅಮೆರಿಕದಲ್ಲಿ ಧಾರಾಳವಾಗಿದ್ದವು. ಅವುಗಳಲ್ಲಿ ಎರಡು ನಮಗೆ ಮುಖ್ಯ.

ಒಂದು ರಾನೆಟ್ಸ್. ಎತ್ತರಕ್ಕೆ ಕಟ್ಟಿದ ತುರುಬು, ಕಿವಿಯತ್ತ ಚಾಚಿದ ದಪ್ಪ ಕಾಡಿಗೆ. ಏಮಿಯ ಫೋಟೋ ನೋಡಿದವರಿಗೆ ಇದು ಎಲ್ಲೋ ಕಂಡ ಹಾಗಿದೆಯಲ್ಲ ಅನ್ನಿಸಿದರೆ ಕಾರಣ ಇದೇ. ಇವರ ಹಾಡುಗಳನ್ನು ಮಾಡಿಸಿದವನು ಫಿಲ್ ಸ್ಪೆಕ್ಟರ್. (ಕೊಲೆ ಆರೋಪ ಸಾಬೀತಾಗಿ, ಶಿಕ್ಷೆ ಅನುಭವಿಸುತ್ತಿರುವಾಗಲೇ 2021ರಲ್ಲಿ ತೀರಿಕೊಂಡ.) ಅವನ ವಿಧಾನಕ್ಕೆ 'ಸದ್ದಿನ ಗೋಡೆ' ಎಂದು ಹೆಸರು. ಲಾಸ್ ಏಂಜಲಿಸ್‌ನ ಗೋಲ್ಡ್ ಸ್ಟಾರ್ ಸ್ಟುಡಿಯೋದ ಇಕ್ಕಟ್ಟಾದ ಕೋಣೆಯಲ್ಲಿ ಮೂರು ಗಿಟಾರು, ಎರಡು ಮೂರು ಪಿಯಾನೋ ಒಟ್ಟಿಗೆ ಒಂದೇ ಸ್ವರ ನುಡಿಸುವುದು. ಆ ಸದ್ದನ್ನು ಇನ್ನೊಂದು ಬರಿದಾದ ಕೋಣೆಯ ಸ್ಪೀಕರಿಗೆ ಕಳಿಸಿ, ಅಲ್ಲಿ ಗೋಡೆಗಳಿಗೆ ಬಡಿದು ಬಂದ ಮಾರ್ದನಿಯನ್ನು ಮೈಕಿನಲ್ಲಿ ಹಿಡಿದು ಮತ್ತೆ ಹಾಡಿಗೆ ಬೆರೆಸುವುದು. ಯಾವುದು ಗಿಟಾರು, ಯಾವುದು ಪಿಯಾನೋ ಎಂದು ಬಿಡಿಸಲಾಗದಷ್ಟು ಎಲ್ಲ ಕೂಡಿ ಒಂದೇ ಸಾರು.

ಇನ್ನೊಂದು ನ್ಯೂಯಾರ್ಕಿನ ಕ್ವೀನ್ಸ್‌ನ ಶಾಂಗ್ರಿ-ಲಾಸ್, ಬಿಳಿಯ ಹುಡುಗಿಯರ ತಂಡ. ಇವರ ಹಾಡುಗಳು ಮೂರು ನಿಮಿಷದ ನಾಟಕಗಳು. ಹಾಡುತ್ತಾ ಹಾಡುತ್ತಾ ಮಾತಿಗಿಳಿಯುತ್ತಾರೆ, ಮಧ್ಯೆ ಮೋಟಾರ್‌ಬೈಕ್ ಗುಡುಗುತ್ತದೆ, ಕಡಲಹಕ್ಕಿ ಕೂಗುತ್ತದೆ, ಯಾರೋ ಸಾಯುತ್ತಾರೆ.

## ಒಂದು ರಾತ್ರಿಯ ಕೆಲಸ

ಏಮಿ ಲಂಡನ್ನಿನವಳು, 1983ರಲ್ಲಿ ಹುಟ್ಟಿದ್ದು. 2003ರ ಮೊದಲ ಆಲ್ಬಮ್ಮಿನಲ್ಲಿ ಜಾಝ್ ಮತ್ತು ಹಿಪ್‌ಹಾಪ್ ಬೆರೆಸಿದ್ದಳು. ಆಮೇಲೆ ಪ್ರೇಮ ಮುರಿಯಿತು, ಕುಡಿತ ಹೆಚ್ಚಿತು, ಕಿವಿಗೆ ಶಾಂಗ್ರಿ-ಲಾಸ್ ಹಿಡಿಯಿತು.

2006ರಲ್ಲಿ ನ್ಯೂಯಾರ್ಕಿಗೆ ಹೋಗಿ ಮಾರ್ಕ್ ರಾನ್ಸನ್‌ನನ್ನು ಭೇಟಿಯಾದಳು. ಆತ ಡಿಜೆಯಾಗಿದ್ದು ಪ್ರೊಡ್ಯೂಸರ್ ಆದವನು. (ಸಂಗೀತದಲ್ಲಿ ಪ್ರೊಡ್ಯೂಸರ್ ಎಂದರೆ ದುಡ್ಡು ಹಾಕುವವನಲ್ಲ, ಹಾಡು ಹೇಗೆ ಕೇಳಿಸಬೇಕೆಂದು ನಿರ್ಧರಿಸುವವನು. ಸಿನಿಮಾದ ಲೆಕ್ಕದಲ್ಲಿ ನಿರ್ದೇಶಕ.) ಏನು ಥರ ಬೇಕು ಎಂದು ಕೇಳಿದಾಗ ಆಕೆ ಶಾಂಗ್ರಿ-ಲಾಸ್ ಹಾಕಿ ಕೇಳಿಸಿದಳು. ಕೊಡಲು ಆತನ ಬಳಿ ಏನೂ ಇರಲಿಲ್ಲ. ಒಂದು ರಾತ್ರಿ ಟೈಮು ಕೊಡು ಅಂದ. ಆ ರಾತ್ರಿ ಹುಟ್ಟಿದ್ದೇ ಮೇಲೆ ಹೇಳಿದ ಪಿಯಾನೋ, ಡ್ರಮ್ಮು, ಮಾರ್ದನಿ ಸುರಿದ ಟ್ಯಾಂಬುರಿನ್. ಮರುದಿನ ಕೇಳಿದ ಏಮಿ ಅದಕ್ಕೆ ಮಾತು ಬರೆದಳು. ಅದೇ ಆಲ್ಬಮ್ಮಿನ ಶೀರ್ಷಿಕೆಯ ಹಾಡಾಯಿತು.

ಇನ್ನೊಂದು ಹಾಡಿನ ಕಥೆ ಬೀದಿಯದು. ಇಬ್ಬರೂ ನಡೆದುಹೋಗುತ್ತಿರುವಾಗ ಏಮಿ, ತನ್ನನ್ನು ಕುಡಿತ ಬಿಡಿಸುವ ಕೇಂದ್ರಕ್ಕೆ ಸೇರಿಸಲು ನೋಡಿದರೆಂದೂ ತಾನು ಬೇಡ ಬೇಡ ಅಂದೆನೆಂದೂ ಹೇಳಿದಳು. ಹೇಳಿದ ರೀತಿಯಲ್ಲೇ ಒಂದು ಲಯವಿತ್ತು. ಇದು ಪಲ್ಲವಿಯ ಹಾಗಿದೆಯಲ್ಲ ಅನ್ನಿಸಿತು ರಾನ್ಸನ್‌ಗೆ. 'ರೀಹ್ಯಾಬ್' ಹುಟ್ಟಿದ್ದು ಹಾಗೆ. ಆಮೇಲೆ ಆಕೆಯ ಬದುಕು ಹೋದ ದಿಕ್ಕು ಗೊತ್ತಿರುವವರಿಗೆ ಆ ಹಾಡಿಗೆ ಕುಣಿಯುವುದು ಕಷ್ಟ.

ಆಲ್ಬಮ್ ಪೂರ್ತಿ ರಾನ್ಸನ್‌ನದಲ್ಲ. ಸುಮಾರು ಅರ್ಧದಷ್ಟು ಹಾಡುಗಳನ್ನು ಮಾಡಿದವನು ಸಲಾಮ್ ರೆಮಿ. ಹಿಪ್‌ಹಾಪ್‌ನಲ್ಲಿ ಹೆಸರು ಮಾಡಿದ್ದ ಆತ ಮಯಾಮಿಯ ತನ್ನ ಸ್ಟುಡಿಯೋದಲ್ಲಿ ಎಷ್ಟೋ ವಾದ್ಯಗಳನ್ನು ತಾನೇ ನುಡಿಸಿದ. ಈ ಹೆಸರನ್ನು ಜನ ಬೇಗ ಮರೆಯುತ್ತಾರೆ.

## ಟೇಪು, ಮೈಕು, ಒಂದೇ ಕೋಣೆ

ಈಗ ತಂಗಿಯ ಮಗಳ ನಿಜವಾದ ಪ್ರಶ್ನೆ: 2006ರಲ್ಲಿ ಕೂತು 1963ರ ಸದ್ದು ಮಾಡುವುದು ಹೇಗೆ? ಫೋಟೋಗೆ ಹಾಕುವ ಹಾಗೆ ಏನಾದರೂ ಫಿಲ್ಟರ್ ಇದೆಯೇ? ಫಿಲ್ಟರುಗಳೂ ಇವೆ. ಆದರೆ ರಾನ್ಸನ್ ಆ ದಾರಿ ಹಿಡಿಯದೆ, ಬ್ರೂಕ್ಲಿನ್‌ನ ಬುಶ್‌ವಿಕ್‌ನಲ್ಲಿದ್ದ ಡ್ಯಾಪ್‌ಟೋನ್ ಸ್ಟುಡಿಯೋಗೆ ಹೋದ.

ಅದೂ ಒಂದು ಹಳೆಯ ಮನೆಯೇ. ಅಲ್ಲಿನವರು ಸ್ವಂತ ಕೈಯಿಂದ ರಿಪೇರಿ ಮಾಡಿ ನಿಲ್ಲಿಸಿದ್ದು. ವೈರಿಂಗ್ ಕೆಲಸಕ್ಕೆ ಅವರ ಮುಖ್ಯ ಗಾಯಕಿ ಶರಾನ್ ಜೋನ್ಸ್ ಕೂಡ ಕೈಹಾಕಿದ್ದಳು. ಆಕೆಯ ಜೊತೆ ನುಡಿಸುವ ತಂಡ ಡ್ಯಾಪ್-ಕಿಂಗ್ಸ್. ರಾನ್ಸನ್ ಮಾಡಿದ ಹಾಡುಗಳಲ್ಲಿ ಬಹುಪಾಲು ನಾವು ಕೇಳುವ ಡ್ರಮ್ಮು, ಗಿಟಾರು, ತುತ್ತೂರಿಗಳು ಇವರವು. ಡ್ಯಾಪ್‌ಟೋನ್ ರೆಕಾರ್ಡ್ ಕಂಪನಿಯ ಸ್ಥಾಪಕರಲ್ಲೊಬ್ಬನಾದ ಗೇಬ್ರಿಯಲ್ ರಾತ್ ರೆಕಾರ್ಡಿಂಗ್ ನೋಡಿಕೊಳ್ಳುತ್ತಿದ್ದ, ಟೇಪಿನ ಮೇಲೆ.

ಟೇಪು ಅಂದರೆ ಕಬ್ಬಿಣದ ಆಕ್ಸೈಡಿನ ಪುಡಿ ಲೇಪಿಸಿದ ಪ್ಲಾಸ್ಟಿಕ್ ಪಟ್ಟಿ. ನಮ್ಮ ಮನೆಗಳಲ್ಲಿದ್ದ ಕ್ಯಾಸೆಟ್ಟಿನೊಳಗಿನ ಕಂದು ರಿಬ್ಬನ್ನಿನ ಅಣ್ಣ, ಅದಕ್ಕಿಂತ ಅಗಲ. ಸದ್ದು ಅದರ ಮೇಲೆ ಅಯಸ್ಕಾಂತದ ಗುರುತಾಗಿ ಕೂರುತ್ತದೆ. ಕಂಪ್ಯೂಟರಿಗೆ ತಡೆಯುವಷ್ಟಕ್ಕಿಂತ ಜೋರಾದ ಸದ್ದು ಕೊಟ್ಟರೆ ತುದಿಯನ್ನು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಕತ್ತರಿಸಿಬಿಡುತ್ತದೆ, ಕಿವಿಗೆ ಕರಕರ ಅನ್ನುತ್ತದೆ. ಟೇಪು ಹಾಗಲ್ಲ, ಮಿತಿ ಹತ್ತಿರವಾದಂತೆ ಮೆಲ್ಲಗೆ ಮಣಿಯುತ್ತದೆ. ಕಾಂಕ್ರೀಟ್ ಗೋಡೆಗೆ ಗುದ್ದುವುದಕ್ಕೂ ಹತ್ತಿಯ ಹಾಸಿಗೆಗೆ ಗುದ್ದುವುದಕ್ಕೂ ಇರುವ ವ್ಯತ್ಯಾಸ. ಡ್ರಮ್ಮಿನ ಏಟಿನ ಚೂಪು ಮೊಂಡಾಗುತ್ತದೆ, ಆದರೆ ದಪ್ಪಗಾಗುತ್ತದೆ. 'ಬೆಚ್ಚಗಿನ ಸದ್ದು' ಎಂದು ಜನ ಹೇಳುವುದರಲ್ಲಿ ಹೆಚ್ಚಿನ ಪಾಲು ಈ ಮಣಿಯುವಿಕೆಯದು.

ಎರಡನೆಯ ಗುಟ್ಟು ಮೈಕಿನದು. ಇವತ್ತು ಒಂದು ಡ್ರಮ್ ಸೆಟ್ಟಿಗೇ ಎಂಟು ಹತ್ತು ಮೈಕು ಇಡುತ್ತಾರೆ. ರಾತ್‌ನಂಥವರು ಒಂದೆರಡರಲ್ಲೇ ಮುಗಿಸುತ್ತಾರೆ. ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ನುಡಿಸುವಾಗ ಗಿಟಾರಿನ ಮೈಕಿಗೆ ಡ್ರಮ್ಮೂ ಕೇಳಿಸುತ್ತದೆ, ಡ್ರಮ್ಮಿನ ಮೈಕಿಗೆ ತುತ್ತೂರಿಯೂ. ವಠಾರದಲ್ಲಿ ಒಂದು ಮನೆಯ ಒಗ್ಗರಣೆ ನಾಲ್ಕು ಮನೆಗೆ ಗೊತ್ತಾಗುವ ಹಾಗೆ. ಇದನ್ನು ಬ್ಲೀಡ್ ಅನ್ನುತ್ತಾರೆ. ದೊಡ್ಡ ಸ್ಟುಡಿಯೋಗಳು ಇದನ್ನು ದೋಷವೆಂದು ಎಣಿಸಿ ಗಾಜಿನ ಗೋಡೆ ಕಟ್ಟಿ ತಡೆಯುತ್ತವೆ. ಹಳೆಯ ರೆಕಾರ್ಡುಗಳು 'ಒಂದು ಜಾಗದಲ್ಲಿ' ನಡೆದಂತೆ ಅನ್ನಿಸುವುದು ಅದೇ ದೋಷದಿಂದ.

ಇದಕ್ಕೆ ಬೆಲೆಯೂ ಇದೆ. ಒಬ್ಬ ತಪ್ಪಿದರೆ ಅವನದ್ದೊಂದನ್ನೇ ಒರೆಸಲಾಗದು, ಎಲ್ಲರೂ ಮೊದಲಿನಿಂದ. ಅರವತ್ತರ ದಶಕದಲ್ಲಿ ಮದ್ರಾಸಿನ ಸ್ಟುಡಿಯೋಗಳಲ್ಲಿ ನಮ್ಮ ಕನ್ನಡ ಸಿನಿಮಾ ಹಾಡುಗಳೂ ಹೀಗೇ ಆಗುತ್ತಿದ್ದವು. ಗಾಯಕರು, ವಾದ್ಯವೃಂದ ಒಟ್ಟಿಗೆ, ಕೊನೆಯ ಸಾಲಿನಲ್ಲಿ ಪಿಟೀಲು ಜಾರಿದರೆ ಮತ್ತೆ ಪಲ್ಲವಿಯಿಂದ. ಆ ಹಾಡುಗಳನ್ನು ಕೇಳುವಾಗ ನಮಗೆ ಸಿಗುವ ಆ 'ಏನೋ ಒಂದು' ಇದರಲ್ಲಿ ಕೊಂಚವಾದರೂ ಇದೆ.

ಟೇಪಿನಲ್ಲಿ ಸಾಲುಗಳೂ (ಟ್ರ್ಯಾಕ್, ಅಂದರೆ ಒಂದೊಂದು ಸದ್ದನ್ನು ಬೇರೆಯಾಗಿ ಹಿಡಿದಿಡುವ ಜಾಗ) ಕಡಿಮೆ, ಎಂಟೋ ಹದಿನಾರೋ. ಕಂಪ್ಯೂಟರಿನಲ್ಲಿ ನೂರಾರು. ಸಾಲು ಕಡಿಮೆಯಾದಾಗ ತುತ್ತೂರಿ ಎಷ್ಟು ಜೋರಿರಬೇಕೆಂದು ಆಮೇಲೆ ನೋಡೋಣ ಅನ್ನುವಂತಿಲ್ಲ, ಅಲ್ಲೇ ತೀರ್ಮಾನ.

ಇಷ್ಟೆಲ್ಲ ಹೇಳಿ ಒಂದನ್ನು ಮುಚ್ಚಿಟ್ಟರೆ ಸರಿಯಲ್ಲ. ಆಲ್ಬಮ್ ಪೂರ್ತಿ ಹಳೆಯ ವಿಧಾನದ್ದಲ್ಲ. ಬ್ರೂಕ್ಲಿನ್‌ನ ಟೇಪು ಕಂಪ್ಯೂಟರಿಗೆ ಇಳಿಯಿತು, ಪಿಟೀಲುಗಳ ಗುಂಪು ಲಂಡನ್ನಿನಲ್ಲಿ ಸೇರಿತು, ಮಿಕ್ಸಿಂಗ್ ಎಂಜಿನಿಯರ್ ಟಾಮ್ ಎಲ್ಮ್‌ಹರ್ಸ್ಟ್ ಅಲ್ಲೇ ಎಲ್ಲವನ್ನೂ ಬೆರೆಸಿ ಹದ ಮಾಡಿದ. ಒರಳಲ್ಲಿ ರುಬ್ಬಿ ಗ್ಯಾಸಿನ ಮೇಲೆ ಬೇಯಿಸಿದ ಹಾಗೆ. ಅರವತ್ತರ ಒಂದು ರೆಕಾರ್ಡ್ ಹಾಕಿ, ಬೆನ್ನಿಗೇ ಇದನ್ನು ಹಾಕಿದರೆ ವ್ಯತ್ಯಾಸ ತಿಳಿಯುತ್ತದೆ. ಇದರ ತಳ ಗಟ್ಟಿ. ಆ ಕಾಲದಲ್ಲಿ ಬಾಸ್ ಅಷ್ಟು ಹೆಚ್ಚಿಸಿದರೆ ತಟ್ಟೆಯ ಮೇಲಿನ ಮುಳ್ಳು ಎಗರುವ ಭಯವಿತ್ತು. ಹಿಪ್‌ಹಾಪ್ ಕೇಳಿ ಬೆಳೆದ ಕಿವಿಗೆ ಆ ಭಾರ ಬೇಕು.

## ಹಾಗಾದರೆ ನಕಲೇ?

ಇಲ್ಲಿ ಮೂರು ಪದ ಬೇರೆ ಬೇರೆ ಮಾಡಿಕೊಂಡರೆ ಗೊಂದಲ ಕಡಿಮೆ.

ಹಳೆಯ ರೆಕಾರ್ಡಿನ ತುಣುಕನ್ನೇ ಕತ್ತರಿಸಿ ಹೊಸ ಹಾಡಿಗೆ ಅಂಟಿಸುವುದು ಸ್ಯಾಂಪಲಿಂಗ್. ಅದಕ್ಕೆ ಎರಡು ಅನುಮತಿ ಬೇಕು, ಹಾಡು ಬರೆದವರದು ಮತ್ತು ರೆಕಾರ್ಡಿಂಗ್ ಯಾರ ಕೈಯಲ್ಲಿದೆಯೋ ಅವರದು. ತುಣುಕನ್ನು ಎತ್ತದೆ, ಅದೇ ಧಾಟಿಯನ್ನು ಹೊಸದಾಗಿ ನುಡಿಸಿದರೆ ಇಂಟರ್‌ಪೊಲೇಶನ್. ಆಗ ಬರೆದವರ ಅನುಮತಿ ಸಾಕು. ಈ ಆಲ್ಬಮ್ಮಿನ 'ಟಿಯರ್ಸ್ ಡ್ರೈ ಆನ್ ದೇರ್ ಓನ್' ಹಾಡಿನ ಅಡಿಪಾಯ 1967ರ ಮೋಟೌನ್ ಹಾಡೊಂದರದ್ದು. ಮಾರ್ವಿನ್ ಗೇ, ಟ್ಯಾಮಿ ಟೆರೆಲ್ ಹಾಡಿದ್ದ ಅದನ್ನು ಬರೆದವರು ನಿಕ್ ಆ್ಯಶ್‌ಫೋರ್ಡ್, ವಲೆರಿ ಸಿಂಪ್ಸನ್. ಏಮಿಯ ಹಾಡಿನ ಬರಹಗಾರರ ಪಟ್ಟಿಯಲ್ಲಿ ಅವರಿಬ್ಬರ ಹೆಸರೂ ಇದೆ.

ಮೂರನೆಯದು ಶೈಲಿ: ಮಾರ್ದನಿ, ಟ್ಯಾಂಬುರಿನ್, ತುರುಬು. ಇದಕ್ಕೆ ಯಾರೂ ಒಡೆಯರಲ್ಲ ಎಂಬುದು ಬಹುಕಾಲದ ತಿಳಿವಳಿಕೆ. 2015ರಲ್ಲಿ ಅಮೆರಿಕದ ನ್ಯಾಯಾಲಯವೊಂದರಲ್ಲಿ, ಮಾರ್ವಿನ್ ಗೇಯ 1977ರ ಹಾಡನ್ನು ಹೋಲುತ್ತದೆಂದು 'ಬ್ಲರ್ಡ್ ಲೈನ್ಸ್' ಹಾಡಿನವರು ದೊಡ್ಡ ಪರಿಹಾರ ಕೊಡಬೇಕೆಂದು ತೀರ್ಪಾಯಿತು. ಅಂದಿನಿಂದ ಹಳೆಯ ಧಾಟಿಯಲ್ಲಿ ಹಾಡು ಕಟ್ಟುವವರು ವಕೀಲರನ್ನು ಕೇಳಿಯೇ ಮುಂದುವರಿಯುವಂತಾಗಿದೆ.

## ಮಾತು ಮಾತ್ರ ಇವತ್ತಿನದು

ಬರೀ ಸದ್ದು ಹಳೆಯದಾಗಿದ್ದರೆ ಇದು ವೇಷಭೂಷಣ ಸ್ಪರ್ಧೆಯಾಗಿ ಉಳಿಯುತ್ತಿತ್ತು ಅನ್ನುವುದು ನನ್ನ ಲೆಕ್ಕ. ಅರವತ್ತರ ಹುಡುಗಿಯರ ಮೇಳಗಳಲ್ಲಿ ನಾಯಕಿ ಬಾಗಿಲಲ್ಲಿ ಕಾಯುತ್ತಾಳೆ, ಅಳುತ್ತಾಳೆ, ಕ್ಷಮಿಸುತ್ತಾಳೆ. ಏಮಿಯ ನಾಯಕಿ 'ಯೂ ನೋ ಐಮ್ ನೋ ಗುಡ್' ಹಾಡಿನಲ್ಲಿ ತಾನೇ ಮೋಸ ಮಾಡಿ, ಸಿಕ್ಕಿಬಿದ್ದು, ಮೊದಲೇ ಹೇಳಿದ್ದೆನಲ್ಲ ಅನ್ನುತ್ತಾಳೆ. 'ಮೀ ಆ್ಯಂಡ್ ಮಿಸ್ಟರ್ ಜೋನ್ಸ್' ಹಾಡಿನ ರಾಗ, ಹಿಮ್ಮೇಳ ಎಲ್ಲವೂ ಅಜ್ಜಿ ಕಾಲದ್ದು. ಆದರೆ ಆಕೆಗೆ ಸಿಟ್ಟು ಬಂದಿರುವುದು ಸ್ಲಿಕ್ ರಿಕ್ ಅನ್ನುವ ರ‍್ಯಾಪರ್‌ನ ಕಾರ್ಯಕ್ರಮ ತಪ್ಪಿಹೋಯಿತೆಂದು, ಬೈಗುಳವೂ ಇಂದಿನ ಲಂಡನ್ನಿನದೇ. 'ರೀಹ್ಯಾಬ್'ನಲ್ಲಿ ಆಸ್ಪತ್ರೆಗೆ ಹೋಗುವ ಬದಲು ಮನೆಯಲ್ಲೇ ರೇ ಚಾರ್ಲ್ಸ್‌ನನ್ನು ಕೇಳುತ್ತಾ ಇರುತ್ತೇನೆ ಅನ್ನುತ್ತಾಳೆ. ಚರ್ಚಿನ ಧಾಟಿ ಕದ್ದು ಬೈಸಿಕೊಂಡನಲ್ಲ, ಅದೇ ರೇ.

## ಆಮೇಲೆ

2008ರ ಫೆಬ್ರುವರಿಯಲ್ಲಿ ಏಮಿಗೆ ಒಂದೇ ಸಂಜೆ ಐದು ಗ್ರ್ಯಾಮಿ ಪ್ರಶಸ್ತಿ. ವೀಸಾ ತೊಡಕಿನಿಂದ ಅಮೆರಿಕಕ್ಕೆ ಹೋಗಲಾಗದೆ, ಉಪಗ್ರಹದ ಮೂಲಕ ಲಂಡನ್ನಿನಿಂದಲೇ ಹಾಡಿದಳು. 2011ರ ಜುಲೈ 23ರಂದು ತೀರಿಕೊಂಡಾಗ 27 ವರ್ಷ.

ಆಲ್ಬಮ್ ಒಂದು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಯಿತು, ಕಂಪನಿಗಳಿಗೆ ಹಳೆಯ ಸದ್ದಿನಲ್ಲಿ ದುಡ್ಡು ಕಂಡಿತು. ಅದೇ ಥರದ ಹಳೆಯ ಸದ್ದು ಹಿಡಿದು ಬಂದವರು 2015ರಲ್ಲಿ ಟೆಕ್ಸಸ್‌ನ ಗಾಯಕ ಲಿಯೋನ್ ಬ್ರಿಜಸ್, 2021ರಲ್ಲಿ ಬ್ರೂನೋ ಮಾರ್ಸ್ ಮತ್ತು ಆ್ಯಂಡರ್ಸನ್ ಪಾಕ್ ಕೂಡಿ ಕಟ್ಟಿದ ಸಿಲ್ಕ್ ಸಾನಿಕ್. ಸಿಲ್ಕ್ ಸಾನಿಕ್‌ನವರು ಹಿಡಿದದ್ದು ಮಾತ್ರ ಎಪ್ಪತ್ತರ ದಶಕದ ಸೋಲ್, ಅದಕ್ಕೆ ನಯ ಹೆಚ್ಚು.

ಶರಾನ್ ಜೋನ್ಸ್ ಕಥೆ ಬೇರೆ. ಆಕೆ 1956ರಲ್ಲಿ ಹುಟ್ಟಿದವಳು, ಅರವತ್ತರ ಸೋಲ್ ಹಾಡುಗಳು ಹೊಸದಾಗಿದ್ದಾಗಲೇ ಕೇಳಿದವಳು. ಕಪ್ಪು ಹೆಚ್ಚಾಯಿತು, ದಪ್ಪ ಹೆಚ್ಚಾಯಿತು, ಕುಳ್ಳಿ, ವಯಸ್ಸಾಯಿತು ಎಂದು ಕಂಪನಿಯವರಿಂದ ಕೇಳಿಸಿಕೊಂಡು, ನ್ಯೂಯಾರ್ಕಿನ ರೈಕರ್ಸ್ ದ್ವೀಪದ ಜೈಲಿನಲ್ಲಿ ಕಾವಲು ಕೆಲಸ ಮಾಡಿದ್ದಳು. ಮೊದಲ ಆಲ್ಬಮ್ ಬಂದದ್ದು 2002ರಲ್ಲಿ. ಏಮಿ 2007ರಲ್ಲಿ ಅಮೆರಿಕ ಪ್ರವಾಸಕ್ಕೆ ಹೊರಟಾಗ ಬೆನ್ನಿಗೆ ನಿಂತು ನುಡಿಸಿದ್ದು ಶರಾನ್‌ಳ ತಂಡವೇ. 2016ರಲ್ಲಿ ಶರಾನ್ ಕ್ಯಾನ್ಸರಿನಿಂದ ತೀರಿಕೊಂಡಳು. ಅದೇ ಬಳಗದ ಚಾರ್ಲ್ಸ್ ಬ್ರಾಡ್ಲಿಯ ಮೊದಲ ಆಲ್ಬಮ್ 2011ರಲ್ಲಿ ಬಂದಾಗ ಆತನಿಗೆ 62. ಅಲ್ಲಿಯವರೆಗೆ ಆತ ಕ್ಲಬ್ಬುಗಳಲ್ಲಿ ಹೆಸರಾಂತ ಸೋಲ್ ಗಾಯಕ ಜೇಮ್ಸ್ ಬ್ರೌನ್‌ನ ವೇಷ ಹಾಕಿ, ಅವನ ಹಾಡು ಹಾಡಿ ಹೊಟ್ಟೆ ಹೊರೆಯುತ್ತಿದ್ದ.

ತಂಗಿಯ ಮಗಳಿಗೆ ನಾನು ಹೇಳಿದ ಕ್ರಮ ಇದು: ಮೊದಲು ರಾನೆಟ್ಸ್‌ನ 1963ರ 'ಬಿ ಮೈ ಬೇಬಿ', ಅದರ ಮೊದಲ ಡ್ರಮ್ಮು, ಧಮ್, ಧ-ಧಮ್, ಟಪ್. ಆಮೇಲೆ ಶರಾನ್‌ಳ ಯಾವುದಾದರೂ ಒಂದು. ಕೊನೆಗೆ 'ಬ್ಯಾಕ್ ಟು ಬ್ಲ್ಯಾಕ್', ಇಯರ್‌ಫೋನಿನಲ್ಲಿ, ಪೂರ್ತಿ. ನಡುವೆ ಒಂದು ಕಡೆ ಡ್ರಮ್ಮು ನಿಂತುಹೋಗುತ್ತದೆ. ಏಮಿ 'ಬ್ಲ್ಯಾಕ್' ಅನ್ನುವ ಒಂದೇ ಪದವನ್ನು ಮತ್ತೆ ಮತ್ತೆ ಹೇಳುತ್ತಾಳೆ, ಹಿಂದೆ ಚರ್ಚಿನ ಗಂಟೆಯಂಥದ್ದೊಂದು ಬಾರಿಸುತ್ತದೆ. ಆಮೇಲೆ ಲಯ ವಾಪಸ್ ಬರುವಾಗ ಎಣಿಸುತ್ತಾ ಇರು, ಟ್ಯಾಂಬುರಿನ್ ಎಷ್ಟಕ್ಕೆ ಬೀಳುತ್ತದೆ ನೋಡು, ಅಂದೆ.